ಉತ್ಕರ್ಷಣ ಒತ್ತಡ ಮತ್ತು ಹೃದಯದ ಮುಪ್ಪು

ಉತ್ಕರ್ಷಣ ಒತ್ತಡ: ಜೀವಕೋಶದಲ್ಲಿ ಹುಟ್ಟುವ ಕ್ರಿಯಾಶೀಲ ಆಮ್ಲಜನಕ ಅಣುಗಳ ಪ್ರಮಾಣ, ಅವನ್ನು ತಟಸ್ಥಗೊಳಿಸುವ ವ್ಯವಸ್ಥೆಯ ಸಾಮರ್ಥ್ಯವನ್ನು ಮೀರಿದ ಸ್ಥಿತಿ. ಬಿಡುವಿಲ್ಲದೆ ದುಡಿಯುವ ಹೃದಯಸ್ನಾಯು ಕೋಶದ ಸುಮಾರು ಮೂರನೇ ಒಂದು ಭಾಗವನ್ನು ಮೈಟೊಕಾಂಡ್ರಿಯಗಳೇ ಆಕ್ರಮಿಸಿರುತ್ತವೆ. ಶಕ್ತಿ ಉತ್ಪಾದನೆಯ ವೇಳೆ ಅಲ್ಲಿ ಸೋರುವ ಎಲೆಕ್ಟ್ರಾನುಗಳು ಆಮ್ಲಜನಕದೊಡನೆ ಸೇರಿ ಸೂಪರ್‌ಆಕ್ಸೈಡ್ ಉಂಟಾಗುತ್ತದೆ. ವಯಸ್ಸಾದಂತೆ ಇದರಿಂದ ಡಿಎನ್‌ಎ, ಪ್ರೋಟೀನು, ಪೊರೆಯ ಕೊಬ್ಬುಗಳಿಗೆ ಆಗುವ ಹಾನಿ ಕೂಡುತ್ತಾ ಹೋಗುತ್ತದೆ. ಕ್ಯಾಲ್ಸಿಯಂ ಅನ್ನು ಮರಳಿ ಸೆಳೆದುಕೊಳ್ಳುವ ಪಂಪು ಮಂದವಾಗಿ, ಪ್ರತಿ ಬಡಿತದ ನಂತರ ಸ್ನಾಯು ಸಡಿಲಗೊಳ್ಳುವುದು ನಿಧಾನವಾಗುತ್ತದೆ. ನಾರಿನಂಶ ಹೆಚ್ಚಿ ಎಡ ಹೃತ್ಕುಕ್ಷಿ ಬಿಗಿಯಾಗುತ್ತದೆ. ಮುಪ್ಪಿಗೆ ಸೂಪರ್‌ಆಕ್ಸೈಡ್‌ನಂಥ ಮುಕ್ತ ರ‍್ಯಾಡಿಕಲ್‌ಗಳು ಕಾರಣವೆಂಬ ವಾದವನ್ನು ಅಮೆರಿಕದ ಡೆನ್ಹ್ಯಾಮ್ ಹಾರ್ಮನ್ 1956ರಲ್ಲಿ ಮಂಡಿಸಿದರು. ಮೈಟೊಕಾಂಡ್ರಿಯದಲ್ಲಿ ಕ್ರಿಯಾಶೀಲ ಆಮ್ಲಜನಕ ಅಣುಗಳನ್ನು ತಟಸ್ಥಗೊಳಿಸಲು ನೆರವಾಗುವ ಕ್ಯಾಟಲೇಸ್ ಕಿಣ್ವವನ್ನು ಹೆಚ್ಚಿಸಿದ ಇಲಿಗಳಲ್ಲಿ ಹೃದಯದ ಮುಪ್ಪು ತಡವಾಯಿತು. ಆದರೆ ಮನುಷ್ಯರ ಮೇಲಿನ ದೊಡ್ಡ ಪ್ರಯೋಗಗಳಲ್ಲಿ ಉತ್ಕರ್ಷಣವನ್ನು ತಡೆಯುವ ವಿಟಮಿನ್ ಇ ಮಾತ್ರೆಗಳಿಂದ ಹೃದಯಕ್ಕೆ ಗಮನಾರ್ಹ ರಕ್ಷಣೆ ದೊರೆಯಲಿಲ್ಲ.