ಸೋರುವ ತಾರಸಿಗೆ ವರಾಹಮಿಹಿರನ ಸಾಕ್ಷಿ

ಉತ್ತರ ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಮನೆ ಮಾಲೀಕರ ಕಣ್ಣು ಸೂರಿನ ಮೇಲೆ. ಯಲಹಂಕ ಉಪನಗರದ ಅಪಾರ್ಟ್‌ಮೆಂಟಿನಲ್ಲಿ ಸ್ಲ್ಯಾಬಿನ ಮೂಲೆಗೆ ಹಳದಿ ಕಲೆ, ಆರ್.ಟಿ. ನಗರದ ಹಳೆಯ ಮನೆಯಲ್ಲಿ ಗೋಡೆಯ ಬುಡದಿಂದ ಎರಡು ಮೊಳ ಎತ್ತರಕ್ಕೆ ಉಪ್ಪು ಉಕ್ಕಿ, ಬಣ್ಣ ಹೊಪ್ಪಳೆಯೆದ್ದು ಉದುರುತ್ತದೆ. ವಾಟರ್‌ಪ್ರೂಫಿಂಗ್ ಮಾಡುವವರ ನಂಬರ್ ಕೈಯಿಂದ ಕೈಗೆ ದಾಟುವ ಕಾಲ ಇದು. ಇದೇ ಕಾಲದಲ್ಲಿ ಇನ್ನೊಂದು ಮಾತೂ ಕೇಳಿಬರುತ್ತದೆ: 'ನಮ್ಮ ಹಿರಿಯರ ಹತ್ತಿರ ವಜ್ರಲೇಪ ಇತ್ತು, ಸಾವಿರ ವರ್ಷ ಸೋರುತ್ತಿರಲಿಲ್ಲ.'

ಪರಂಪರೆಯ ಕುರಿತ ಭಾಷಣಗಳಲ್ಲಿ ಈ ಮಾತು ಪ್ರಮಾಣಬದ್ಧ ವಾದದ ವೇಷ ತೊಡುತ್ತದೆ. ಆರನೆಯ ಶತಮಾನದ ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ವಜ್ರಲೇಪದ ಪಾಕ ಹೇಳಿದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ'ದಲ್ಲಿ ಅದನ್ನೇ ದಾಖಲಿಸಿದ. ಕೆಳದಿಯ ಬಸವಪ್ಪ ನಾಯಕನ 'ಶಿವತತ್ತ್ವರತ್ನಾಕರ' ಅದನ್ನು ಹದಿನೆಂಟನೆಯ ಶತಮಾನದವರೆಗೆ ತಂದಿತು. ಅಂದಮೇಲೆ ಕನ್ನಡನಾಡಿನ ಮಾಳಿಗೆ, ತಾರಸಿಗಳಿಗೆ ನೀರು ತಡೆಯುವ ಲೇಪ ಒಂದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಳಕೆಯಲ್ಲಿತ್ತು, ಸಿಮೆಂಟು ಬಂದು ಅದನ್ನು ಕೊಂದಿತು. ವಾದಕ್ಕೆ ಕಾಲು ಮೂರು. ಮೂರೂ ಊನ.

ಸೋಮೇಶ್ವರನ ಗ್ರಂಥದಿಂದಲೇ ಶುರುಮಾಡಬೇಕು, ಏಕೆಂದರೆ ವಾದ ಮುರಿಯುವುದು ಅಲ್ಲೇ. 'ಮಾನಸೋಲ್ಲಾಸ'ದಲ್ಲಿ ವಜ್ರಲೇಪ ಬರುವುದು ಚಿತ್ರಕಲೆಯ ಪ್ರಕರಣದಲ್ಲಿ. ಹಸಿಯ ಎಮ್ಮೆ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಷ್ಟು ಮೆತುವಾಗುವ ತನಕ ಬೇಯಿಸಬೇಕು, ಇಂಗಿಸಿ ಗಟ್ಟಿಯಾದದ್ದನ್ನು ಕಡ್ಡಿ ಮಾಡಿ ಬಿಸಿಲಿಗೆ ಒಣಗಿಸಬೇಕು, ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ನೀರು ಹಾಕಿ ಕಾಯಿಸಿ ಕರಗಿಸಿಕೊಳ್ಳಬೇಕು. ಅದನ್ನು ಬಿಳಿಮಣ್ಣಿನೊಡನೆ ಬೆರೆಸಿ, ಸುಣ್ಣ ಬಳಿದು ನಯಮಾಡಿದ ಗೋಡೆಗೆ ಮೂರು ಸಲ ಹಚ್ಚಿದರೆ ಚಿತ್ರಕ್ಕೆ ಹಾಸು ಸಿದ್ಧ; ಬಣ್ಣಗಳಿಗೂ ಅದೇ ಅಂಟು.

ಅಂದರೆ ಇದು ಚರ್ಮದ ಸರೇಸು. ಬಡಗಿಯರು ಮೊನ್ನೆಮೊನ್ನೆಯ ತನಕ ಡಬ್ಬದಲ್ಲಿ ಕಾಯಿಸುತ್ತಿದ್ದ ಪದಾರ್ಥದ ಒಡಹುಟ್ಟು. ತಣ್ಣೀರಿನಲ್ಲಿ ನೆನೆದರೆ ಉಬ್ಬುತ್ತದೆ, ಬಿಸಿನೀರಿನಲ್ಲಿ ಕರಗುತ್ತದೆ. ಕರಗಿಸುವ ಕ್ರಮವನ್ನು ಗ್ರಂಥಕಾರನೇ ಬಾಯಿಬಿಟ್ಟು ಹೇಳಿದ್ದಾನೆ. ನೀರಿನಲ್ಲಿ ಕರಗಿಸಿಯೇ ಬಳಸಬೇಕಾದ ಅಂಟನ್ನು ನೀರು ತಡೆಯಲು ತಾರಸಿಗೆ ಬಳಿದರು ಎಂದು ಬರೆಯುವವರು ಆ ನಾಲ್ಕಾರು ಶ್ಲೋಕಗಳನ್ನು ಓದಿದ್ದಾರೆಂದು ನಂಬುವುದು ಕಷ್ಟ. (ಗ್ರಂಥ ದುರ್ಲಭ ಎನ್ನುವಂತಿಲ್ಲ. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಅಚ್ಚಾಗಿ ಬಹುಕಾಲವಾಯಿತು.) 'ಶಿವತತ್ತ್ವರತ್ನಾಕರ'ದ ಚಿತ್ರಪ್ರಕರಣವೂ ಸೋಮೇಶ್ವರನ ಜಾಡಿನಲ್ಲೇ ನಡೆಯುವಂಥದ್ದು. ಮೂಲದ ಜೊತೆ ಅದರ ನೆರಳನ್ನೂ ಎಣಿಸಿ ಸಾಕ್ಷಿ ಎರಡು ಎನ್ನುವುದು ಲೆಕ್ಕವಲ್ಲ.

ಉಳಿದದ್ದು ವರಾಹಮಿಹಿರ. ಇವನನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು.

ಅವನ ಪಾಕ ಪೂರಾ ಬೇರೆ. ತೂಬರೆಯ ಎಳೆಗಾಯಿ, ಬೇಲದ ಎಳೆಗಾಯಿ, ಬೂರುಗದ ಹೂ, ಸಲ್ಲಕಿಯ ಬೀಜ, ತಡಸಲು ಮರದ ತೊಗಟೆ, ಬಜೆ ಇವಿಷ್ಟನ್ನೂ ಒಂದು ದ್ರೋಣ ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಭಾಗಕ್ಕೆ ಇಳಿಸಬೇಕು. ಆಮೇಲೆ ಗುಗ್ಗುಳ, ಬೋಳ, ರಾಳ ಮೊದಲಾದ ಅಂಟುಗಳು, ಕೇರು, ಅಗಸೆ, ಬಿಲ್ವದ ತಿರುಳು ಅರೆದು ಸೇರಿಸಬೇಕು. ಕಾಯಿಸಿ ಬಿಸಿಬಿಸಿಯಾಗಿ ಹಚ್ಚಬೇಕು. ಎಲ್ಲಿಗೆ ಎಂದರೆ ಪ್ರಾಸಾದ, ಹರ್ಮ್ಯ, ವಲಭಿ, ಲಿಂಗ, ಪ್ರತಿಮೆ, ಗೋಡೆ, ಬಾವಿ. ಬಾಳಿಕೆ ಸಾವಿರ ಸಲ ಹತ್ತು ಸಾವಿರ ವರ್ಷ, ಎಂದರೆ ಒಂದು ಕೋಟಿ. ಭಾಷಣಕಾರರು ಇದನ್ನು ಸಾವಿರಕ್ಕೆ ಇಳಿಸಿಕೊಂಡಿರುವುದು ಅವರ ವಿನಯವಿರಬೇಕು. ಇವತ್ತಿನ ಕೆಮಿಕಲ್ ಕಂಪನಿಗಳು ಐದೋ ಹತ್ತೋ ವರ್ಷದ ಗ್ಯಾರಂಟಿ ಪತ್ರ ಕೊಡುವುದಕ್ಕೇ ನೂರು ಷರತ್ತು ಹಾಕುತ್ತವೆ.

ಎದುರುಪಕ್ಷಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಯೇ ಮುಂದೆ ಹೋಗಬೇಕು. ಪಟ್ಟಿಯಲ್ಲಿ ಬಾವಿ ಇದೆ, ಗೋಡೆ ಇದೆ, ಮಾಡಿಗೆ ಸೇರಿದ ವಲಭಿಯೂ ಇದೆ. ರಾಳ, ಗುಗ್ಗುಳಗಳಲ್ಲಿ ನೀರಿಗೆ ಕರಗದ ಅಂಶ ಸಾಕಷ್ಟಿದೆ. ಕೇರಿನ ರಸ ಬಟ್ಟೆಗೆ ತಾಗಿದರೆ ಎಷ್ಟು ಒಗೆದರೂ ಹೋಗುವುದಿಲ್ಲ, ಅಗಸರು ಗುರುತು ಹಾಕಲು ಬಳಸುತ್ತಿದ್ದುದು ಅದಕ್ಕೇ. ಅಗಸೆಯ ಎಣ್ಣೆ ಗಾಳಿಗೆ ಒಣಗಿ ಪೊರೆಯಾಗುತ್ತದೆ. ಇಂಥ ಲೇಪ ಹಚ್ಚಿದ ಕಲ್ಲಿನ ಮೇಲೆ ನೀರು ಕೆಲವು ಕಾಲವಾದರೂ ನಿಲ್ಲದೆ ಜಾರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಅದರ ಉದ್ದೇಶ ಸೋರಿಕೆ ತಡೆಯುವುದೇ ಆಗಿತ್ತೆ? ಈ ಪಾಕ ಕುಳಿತಿರುವ ಜಾಗವನ್ನು ಯಾರೂ ಗಮನಿಸಿದಂತಿಲ್ಲ. 'ಬೃಹತ್ಸಂಹಿತೆ'ಯ ರಾಮಕೃಷ್ಣ ಭಟ್ಟರ ಆವೃತ್ತಿಯಲ್ಲಿ ಇದು 57ನೆಯ ಅಧ್ಯಾಯ. ಹಿಂದಿನದು ದೇವಾಲಯ ಲಕ್ಷಣ, ಮುಂದಿನದು ಪ್ರತಿಮಾ ಲಕ್ಷಣ. ವಾಸದ ಮನೆಯನ್ನು ಹೇಳುವ ವಾಸ್ತುವಿದ್ಯೆಯ ಅಧ್ಯಾಯವನ್ನು ವರಾಹಮಿಹಿರ ಆಗಲೇ ಮುಗಿಸಿ ಬಂದಿದ್ದಾನೆ. ಗುಡಿ ಮತ್ತು ವಿಗ್ರಹದ ನಡುವೆ ನಿಂತ ಪಾಕದಲ್ಲಿ ಲಿಂಗ, ಪ್ರತಿಮೆಗಳ ಹೆಸರು ಬರುವುದು ಸಹಜ. ಲಿಂಗ ಸೋರುವುದಿಲ್ಲ. ಅದಕ್ಕೆ ಬೇಕಾದದ್ದು ಬೆಸೆಯುವ, ಬಿರುಕು ತುಂಬುವ, ಮೈ ಕಾಯುವ ಅಂಟು. ಅದೇ ಅಧ್ಯಾಯದಲ್ಲಿ ಮುಂದೆ ಬರುವ ವಜ್ರಸಂಘಾತದಲ್ಲಂತೂ ಗಿಡಮೂಲಿಕೆಯೇ ಇಲ್ಲ: ಎಂಟು ಭಾಗ ಸೀಸ, ಎರಡು ಭಾಗ ಕಂಚು, ಒಂದು ಭಾಗ ಹಿತ್ತಾಳೆ. ಬೆಸೆಯುವುದು ಈ ಅಧ್ಯಾಯದ ಮುಖ್ಯ ಚಿಂತೆ ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಇನ್ನು ಅಳತೆ. ವರಾಹಮಿಹಿರನೇ ಮಳೆ ಅಳೆಯುವ ಅಧ್ಯಾಯದಲ್ಲಿ 50 ಪಲಕ್ಕೆ ಒಂದು ಆಢಕ ಎನ್ನುತ್ತಾನೆ. ನಾಲ್ಕು ಆಢಕಕ್ಕೆ ಒಂದು ದ್ರೋಣ. ಪಲವನ್ನು 40 ಗ್ರಾಮಿನ ಆಸುಪಾಸು ಹಿಡಿದರೆ ದ್ರೋಣ ಸುಮಾರು 8 ಲೀಟರ್. ಎಂಟನೆಯ ಒಂದು ಭಾಗಕ್ಕೆ ಇಳಿದರೆ ಉಳಿಯುವುದು ಒಂದು ಲೀಟರ್ ಕಷಾಯ, ಅದಕ್ಕೆ ಸೇರುವ ಅಂಟಿನ ಮುದ್ದೆ. ಮೂವತ್ತು–ನಲವತ್ತರ ಸೈಟಿನ ತಾರಸಿ ಎಂದರೆ 1,200 ಚದರಡಿ, ಸುಮಾರು 111 ಚದರ ಮೀಟರ್. ಚದರ ಮೀಟರಿಗೆ ಎರಡು ಟೀ ಚಮಚವೂ ಬೀಳುವುದಿಲ್ಲ. ಪಾಕವನ್ನು ನೂರ್ಮಡಿ ಮಾಡಿಕೊಳ್ಳಬಹುದಲ್ಲ ಎಂದರೆ, ಮಾಡಿಕೊಳ್ಳಬಹುದು. ಆದರೆ ನೂರು ಮನೆಗಳ ಊರಿಗೆ ಬೇಕಾಗುವ ಗುಗ್ಗುಳ, ಬೋಳ ಎಲ್ಲಿಂದ ಬರಬೇಕು? ಧೂಪಕ್ಕೆ, ಔಷಧಕ್ಕೆ ತೊಲದ ಲೆಕ್ಕದಲ್ಲಿ ಕೊಳ್ಳುವ ಸರಕು ಅದು.

ಬೆಂಗಳೂರು ಸೀಮೆಯ ಮಟ್ಟಸ ತಾರಸಿಗಳನ್ನು ಕಾದದ್ದು ಬೇರೆಯೇ ವಿದ್ಯೆ. ಪಾಪ, ಅದಕ್ಕೆ ಸಂಸ್ಕೃತ ಶ್ಲೋಕದ ಭಾಗ್ಯವಿಲ್ಲ. ಗಾರೆ ಕೆಲಸದವರ ಕೈಯಲ್ಲಿ ಬೆಳೆದದ್ದು. ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಮನೆಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿರುವ ಮದ್ರಾಸ್ ತಾರಸಿಯನ್ನು ಕೆಳಗಿನಿಂದ ನೋಡಿದರೆ ತೇಗದ ತೊಲೆಗಳ ನಡುವೆ ತೆಳು ಇಟ್ಟಿಗೆಗಳು ಓರೆಯಾಗಿ, ಅಂಚಿನ ಮೇಲೆ ನಿಂತಿರುವುದು ಕಾಣುತ್ತದೆ. ಅವುಗಳ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ನಾಲ್ಕಾರು ಅಂಗುಲದ ಪದರ. ಹೆಣ್ಣಾಳುಗಳು ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಮರದ ಹಲಗೆಯಿಂದ ಅದನ್ನು ದಿನಗಟ್ಟಲೆ ಬಡಿಯುತ್ತಿದ್ದರು. ನಡುನಡುವೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು. ಬಡಿದಷ್ಟೂ ಸುಣ್ಣದೊಳಗಿನ ಗಾಳಿ, ಹೆಚ್ಚಿನ ನೀರು ಹೊರಬಿದ್ದು ಪದರ ಬಿಗಿಯಾಗುತ್ತದೆ. ಅದರ ಮೇಲೆ ಚಪ್ಪಟೆ ಹೆಂಚು, ಮಳೆನೀರಿನ ದೋಣಿಯ ಕಡೆಗೆ ಓಟ. ಬೆಲ್ಲಕ್ಕೆ, ಮೊಟ್ಟೆಗೆ ಪವಾಡದ ಶಕ್ತಿ ಆರೋಪಿಸುವ ಬರಹಗಳಿಗೂ ಇಲ್ಲಿ ಒಂದು ಮಾತು: ಬೆಲ್ಲ ಗಾರೆ ಬೇಗ ಸೆಟ್ಟಾಗದಂತೆ ತಡೆದು ಬಡಿಯಲು ಸಮಯ ಕೊಡುತ್ತದೆ. ನೀರು ನಿಲ್ಲಿಸಿದ್ದು ಆ ಹೆಂಗಸರ ತೋಳು.

ಸುಣ್ಣಕ್ಕೆ ನೀರು ತಡೆಯುವ ಗುಣ ಬರುವುದು ಸುರ್ಕಿಯಿಂದ, ಎಂದರೆ ಸುಟ್ಟ ಇಟ್ಟಿಗೆಯ ಪುಡಿಯಿಂದ. ಅದರಲ್ಲಿರುವ ಸಿಲಿಕಾ ಸುಣ್ಣದೊಡನೆ ಕೂಡಿ ನೀರಿನಲ್ಲೂ ಗಟ್ಟಿಯಾಗುವ ಬಂಧ ಕಟ್ಟುತ್ತದೆ. ಇದಕ್ಕೆ ಪ್ರಮಾಣ ಬೇಕೆಂದರೆ ತಾಳೆಗರಿ ತಡಕಬೇಕಿಲ್ಲ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿಯ ಕಟ್ಟೆಯನ್ನು ಸುರ್ಕಿ ಗಾರೆಯಲ್ಲೇ ಕಟ್ಟಿದರು. ಅಂದಿನಿಂದ ಅದು ಕಾವೇರಿಯನ್ನು ಬೆನ್ನಿಗೆ ಹೊತ್ತು ನಿಂತಿದೆ, ವಜ್ರಲೇಪದ ಒಂದು ಹನಿಯ ಹಂಗೂ ಇಲ್ಲದೆ.

ಆರ್.ಸಿ.ಸಿ. ಬಂದಾಗಲೂ ಈ ವಿದ್ಯೆ ಒಮ್ಮೆಲೇ ಸಾಯಲಿಲ್ಲ. ಸ್ಲ್ಯಾಬಿನ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣದ ಪದರ ಹಾಕಿ ಹೆಂಚು ಕೂರಿಸುವ ಪದ್ಧತಿ ವೆದರಿಂಗ್ ಕೋರ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಹಗಲು ಕಾದು ರಾತ್ರಿ ಆರುವ ಕಾಂಕ್ರೀಟಿಗೆ ಅದು ಬಿಸಿಲಿನ ಕೊಡೆಯೂ ಹೌದು, ನೀರಿಗೆ ಓಟವೂ ಹೌದು. ಭಾರ ಹೆಚ್ಚು, ಕೂಲಿ ಹೆಚ್ಚು ಎಂದು ಅದನ್ನು ಕೈಬಿಟ್ಟು ಬರಿಯ ಪೊರೆ ಬಳಿಯುವುದು ರೂಢಿಯಾದ ಮೇಲೆ, ವಜ್ರಲೇಪದ ಕಥೆಗೆ ಗಿರಾಕಿಗಳು ಹೆಚ್ಚಿದ್ದು ಆಕಸ್ಮಿಕವಲ್ಲ. ಬಳಿದರೆ ಮುಗಿಯಿತು ಎಂಬ ಆಸೆ ಎರಡಕ್ಕೂ ಒಂದೇ. ಸ್ಲ್ಯಾಬಿನ ಓಟ ತಪ್ಪಿ ಪೈಪಿನ ಬಾಯಿಯ ಸುತ್ತ ನೀರು ನಿಂತರೆ ಯಾವ ಪೊರೆಯೂ ಬಹುಕಾಲ ತಡೆಯದು.

ಆರ್.ಟಿ. ನಗರದ ಆ ಉಪ್ಪುಗೋಡೆಯ ವಿಷಯವೇ ಬೇರೆ. ಅಲ್ಲಿ ನೀರು ಬರುವುದು ಮೇಲಿನಿಂದಲ್ಲ. ಪಾಯದ ಮಣ್ಣಿನ ತೇವ ಇಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ಏರುತ್ತದೆ, ಆರುವಾಗ ಉಪ್ಪನ್ನು ಗೋಡೆಯ ಮೈಮೇಲೆ ಬಿಟ್ಟುಹೋಗುತ್ತದೆ. ಪಾಯದ ಮೇಲೆ, ಗೋಡೆ ಏಳುವ ಮೊದಲೇ ತೇವ ತಡೆಯುವ ಡಿಪಿಸಿ ಪದರ ಸರಿಯಾಗಿ ಬಿದ್ದಿರಬೇಕಿತ್ತು. ಈಗ ಹೊರಮೈಗೆ ಬಿಗಿಯಾದ ಪೊರೆ ಬಳಿದರೆ ತೇವಕ್ಕೆ ಆರುವ ದಾರಿ ತಪ್ಪಿ ಇನ್ನೂ ಮೇಲಕ್ಕೆ ಹತ್ತುತ್ತದೆ. ಅದು ಅಕ್ರಿಲಿಕ್ ಆದರೂ ಅಷ್ಟೇ, ಬೇಲದಕಾಯಿಯ ಕಷಾಯವಾದರೂ ಅಷ್ಟೇ. ಸುಣ್ಣದ ಗಿಲಾವು ಮಾತ್ರ ಗೋಡೆಯನ್ನು ಉಸಿರಾಡಲು ಬಿಡುತ್ತದೆ.

ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ, ಮಣ್ಣಿನ ಇಟ್ಟಿಗೆಯ ಜೊತೆಗೆ ಸುಣ್ಣ–ಪೊಜೊಲಾನ ಸಿಮೆಂಟನ್ನೂ ಅಧ್ಯಯನಕ್ಕೆ ಎತ್ತಿಕೊಂಡಿತು. ಸುರ್ಕಿಯ ವಂಶಕ್ಕೆ ಸೇರಿದ ಪದಾರ್ಥವದು. ಹಳೆಯ ವಿದ್ಯೆಯನ್ನು ಗೌರವಿಸುವವರು ಓದಬೇಕಾದದ್ದು ಆ ವರದಿಗಳನ್ನು. ಇಟ್ಟಿಗೆಪುಡಿ ಎಂದು ಈಗ ಸಿಗುವುದೆಲ್ಲ ಸುರ್ಕಿಯಾಗದು: ಹದವಾಗಿ ಬೆಂದ ಜೇಡಿಯ ಪುಡಿ ಮಾತ್ರ ಸುಣ್ಣದೊಡನೆ ಕೂಡುತ್ತದೆ, ಅತಿಯಾಗಿ ಬೆಂದು ಕಪ್ಪಿಟ್ಟ ಇಟ್ಟಿಗೆಯ ಪುಡಿ ಬರೀ ಮರಳಿನಂತೆ ಬಿದ್ದಿರುತ್ತದೆ.