ರವದಿಗೆ ಬೆಂಕಿ, ಯೂರಿಯಾಗೆ ಕ್ಯೂ

ಇವತ್ತು ನಿಮ್ಮನ್ನು ಆಳಂದ ತಾಲ್ಲೂಕಿನ ಖಜೂರಿ ಕಡೆ ಕರ್ಕೊಂಡು ಹೋಗ್ತೀನಿ. ಮಹಾರಾಷ್ಟ್ರ ಗಡಿಗೆ ಹತ್ತಿರದ ಕರಿಮಣ್ಣಿನ ಸೀಮೆ. ಮಳೆ ನಂಬಿದವರಿಗೆ ತೊಗರಿ, ಜೋಳ, ನೀರಿದ್ದವರಿಗೆ ಕಬ್ಬು. ಕಬ್ಬು ಕಟಾವಾದ ಮೇಲೆ ಎಷ್ಟೋ ಹೊಲಗಳಲ್ಲಿ ರವದಿಗೆ ಬೆಂಕಿ ಬೀಳುತ್ತೆ. ಅದರಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತೆ. ಆಮೇಲೆ ಅದೇ ರೈತ ಯೂರಿಯಾಗೆ ಕ್ಯೂ ನಿಲ್ತಾನೆ. ಇದು ದಡ್ಡತನ ಅಂತ ತೀರ್ಪು ಕೊಡೋ ಮುಂಚೆ, ಸ್ವಲ್ಪ ಇತಿಹಾಸ ನೋಡಿ.

1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್, ದ್ವಿದಳ ಬೆಳೆಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ ಎಂದು ತೋರಿಸಿದರು. 1909ರಲ್ಲಿ ಅದೇ ಜರ್ಮನಿಯ ಫ್ರಿಟ್ಜ್ ಹೇಬರ್ ಅದೇ ಗಾಳಿಯಿಂದ ಅಮೋನಿಯಾ ಮಾಡಿದರು. 1913ರಲ್ಲಿ ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ತಂದರು. ನಮ್ಮಲ್ಲಿ ಮೈಸೂರಿನ ಹತ್ತಿರದ ಬೆಳಗೊಳದಲ್ಲಿ ಗೊಬ್ಬರ ಕಾರ್ಖಾನೆ ಬಂತು. 1976ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ತಯಾರಿ ಶುರುವಾಯಿತು.

ಈ ನಡುವೆ ಇನ್ನೊಂದು ಕೆಲಸವೂ ನಡೆದಿತ್ತು. 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ರಾಯಚೂರು, ಬಳ್ಳಾರಿ ಕಡೆಯ ಹಗರಿ, ಉತ್ತರದ ರೋಹ್ಟಕ್‌ಗಳಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಬದು ಹಾಕಿ, ತಿಪ್ಪೆಗೊಬ್ಬರ ಕೊಡಿ, ಎಡೆ ಹೊಡೆದು ಮೇಲ್ಮಣ್ಣು ಸಡಿಲ ಇಡಿ. ಸಡಿಲ ಮಣ್ಣೇ ಹೊದಿಕೆ. ಬಿರುಕು ಮುಚ್ಚುತ್ತೆ, ತೇವ ಉಳಿಯುತ್ತೆ. ನಮ್ಮ ಹಿರಿಯರ ಎಡೆಕುಂಟೆ ಮಾಡ್ತಿದ್ದದ್ದೂ ಇದನ್ನೇ.

ಆದರೆ ಈ ಎರಡು ವಿದ್ಯೆ ರೈತನ ಮನೆಗೆ ಒಟ್ಟಿಗೆ ಬರಲಿಲ್ಲ. ಯೂರಿಯಾ ಸಬ್ಸಿಡಿ ಹೊತ್ತು, ಅಂಗಡಿ ಹುಡುಕಿಕೊಂಡು ಬಂತು. 45 ಕೆಜಿ ಚೀಲದಲ್ಲಿ 20 ಕೆಜಿಗೂ ಹೆಚ್ಚು ಸಾರಜನಕ. ಹಾಕಿದ ಕೆಲವೇ ದಿನಕ್ಕೆ ಬೆಳೆ ಹಸಿರು! ಹೊಲದ ರವದಿಯನ್ನು ಮಾರೋಕೆ ಯಾವ ಡೀಲರ್ ಬರ್ತಾನೆ ಹೇಳಿ?

"ರವದಿ ಬಿಟ್ರೆ ಕೂಳೆ ಹಳದಿ ಬೀಳ್ತದ್ರಿ" ಅಂತಾರೆ ರೈತರು. ಸುಳ್ಳಲ್ಲ. ಒಣ ರವದಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಆರಂಭದಲ್ಲಿ ಬೆಳೆಗೆ ಕೊರತೆ. ಕೊಳೆತ ಮೇಲೆ ಅದೇ ಸಾರಜನಕ ವಾಪಸ್. ಈ ಮಧ್ಯದ ಅವಧಿ ದಾಟೋಕೆ ಸ್ವಲ್ಪ ಯೂರಿಯಾ ಬೇಕು. ಅಂದ್ರೆ ಹೊದಿಕೆ, ಯೂರಿಯಾ ಶತ್ರುಗಳಲ್ಲ, ಜೋಡೆತ್ತು. ಯೂರಿಯಾವನ್ನು ರವದಿಯ ಮೇಲೆ ಎರಚಿ ಬಿಟ್ಟರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ತೇವ ಇರುವಾಗ ಮಣ್ಣೊಳಗೆ ಸೇರಿಸಬೇಕು.

2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯನ್ನೇ ನೋಡಿ. ಬೇರಿನ ಗಂಟಲ್ಲಿ ಸಾರಜನಕ ಹಿಡಿಯುತ್ತೆ, ಮಾಗುವಾಗ ಎಲೆ ಉದುರಿಸಿ ನೆಲ ಮುಚ್ಚುತ್ತೆ. ಎರಡೂ ಕೆಲಸ ಒಂದೇ ಗಿಡದ್ದು.

ವರ್ಷವರ್ಷ ಸುಟ್ಟ ನೆಲದಲ್ಲಿ ಸಾವಯವ ಇಂಗಾಲ ಕರಗುತ್ತೆ, ನೀರು ಹಿಡಿಯೋ ಶಕ್ತಿ ಕುಸಿಯುತ್ತೆ. ಆಗ ಚೀಲ ಹೆಚ್ಚು ಸುರಿದರೂ ಬರದ ವರ್ಷ ಬೆಳೆ ಕೈಗೆ ಸಿಗಲ್ಲ. ಯೂರಿಯಾ ಚೀಲಕ್ಕೆ ಕೊಡೋ ಸಬ್ಸಿಡಿಯಲ್ಲಿ ಒಂದು ಪಾಲನ್ನು ರವದಿ ಪುಡಿ ಮಾಡೋ ಯಂತ್ರಕ್ಕೆ, ಸುಡದೆ ಉಳಿಸಿದ ರೈತನ ಕೂಲಿ ಖರ್ಚಿಗೆ ಯಾಕೆ ಕೊಡಬಾರದು? ಸುಡಬೇಡಿ ಅಂತ ಬರೀ ಉಪದೇಶ ಮಾಡೋ ಬದಲು, ಸರ್ಕಾರ ಈ ಪ್ರಶ್ನೆಗೆ ಉತ್ತರ ಕೊಡಲಿ.