ನೆರೆಯುವವರೇ ನೆರೆಯವರು

ಹಿಮ ಬಿದ್ದು ಶಾಲೆ, ಕಚೇರಿ ಮುಚ್ಚಿದ ದಿನವನ್ನು ಅಮೆರಿಕದ ಕನ್ನಡಿಗರು ಬಣ್ಣಿಸುವಾಗ ‘ಸ್ನೋ ಡೇ, ನೈಬರ್ಸ್ ಎಲ್ಲ ಸೇರಿ ಎಂಜಾಯ್ ಮಾಡಿದ್ವಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ‘ಸ್ನೋ’ ಇರಲಿ, ಅದು ಅಲ್ಲಿಯದು, ಅಲ್ಲಿಯ ಹೆಸರಿನಲ್ಲೇ ಬೀಳಲಿ. ನನ್ನ ತಕರಾರು ‘ನೈಬರ್ಸ್’ ಬಗ್ಗೆ. ಆ ದಿನಕ್ಕೆ ಹೇಳಿ ಮಾಡಿಸಿದಂಥ ‘ನೆರೆ’ ನಮ್ಮಲ್ಲಿದೆ. ಆದರೆ ಪತ್ರಿಕೆಗಳಲ್ಲಿ ಅದು ಹೆಚ್ಚಾಗಿ ಕಾಣುವುದು ಪ್ರವಾಹದ ಸುದ್ದಿಯಲ್ಲಿ: ನೆರೆ ಹಾವಳಿ, ನೆರೆ ಪರಿಹಾರ, ನೆರೆ ಸಂತ್ರಸ್ತರು. ಮನುಷ್ಯರ ಪಾಲಿಗೆ ‘ಪಕ್ಕದ ಮನೆಯವರು’ ಉಳಿದಿದೆ. ಪಕ್ಕ ಎಂಬುದು ಗೋಡೆಯ ಲೆಕ್ಕ. ನೆರೆ ಎಂಬುದು ಕ್ರಿಯೆ. ಜಾತ್ರೆಗೆ ಜನ ನೆರೆಯುತ್ತಾರೆ, ಸಭೆ ನೆರೆಯುತ್ತದೆ. ಹಾಗೆ ನೆರೆಯುವವರೇ ನೆರೆಯವರು ಎಂಬುದು ನನ್ನ ಗಟ್ಟಿ ನಂಬಿಕೆ. ತುಂಬುವ ‘ನೆಱೆ’ ಬೇರೆ, ಕೂಡುವ ‘ನೆರೆ’ ಬೇರೆ ಎಂದು ಹಳಗನ್ನಡ ಬಲ್ಲವರು ಆಕ್ಷೇಪಿಸಬಹುದು. ಬರಹದಲ್ಲಿ ಅದು ಸರಿ. ಆದರೆ ಱಕಾರ ಬಿಟ್ಟುಹೋದ ಮೇಲೆ ನಾಲಿಗೆ ಎರಡನ್ನೂ ಬೆರೆಸಿಕೊಂಡಿದೆ. ಹೊಳೆ ತುಂಬಿದರೂ ಬೀದಿ ತುಂಬಿದರೂ ನಮಗೆ ಕೇಳುವ ಸದ್ದು ಒಂದೇ.

ಜನ ನೆರೆಯುವುದೇಕೆ ಎಂಬುದಕ್ಕೆ ‘ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ’ ಎಂಬ ಗಾದೆಯಷ್ಟು ಒಳ್ಳೆಯ ಉತ್ತರ ಇನ್ನೊಂದಿಲ್ಲ. ಹೊಸದಾಗಿ ಬಂದವಳ ಪರಿಚಯಕ್ಕೆ ಯಾರೂ ಅವಳ ಮನೆಗೆ ಹೋಗಬೇಕಿಲ್ಲ, ಅವಳೂ ಯಾರನ್ನೂ ಕರೆಯಬೇಕಿಲ್ಲ. ಕೊಡ ಖಾಲಿಯಾದರೆ ಸಾಕು, ಬಾವಿಕಟ್ಟೆ ಅವಳನ್ನು ಎಲ್ಲರ ನಡುವೆ ತಂದು ನಿಲ್ಲಿಸುತ್ತದೆ. ಗಾದೆ ಸ್ನೇಹದ ಮಾತೇ ಆಡುವುದಿಲ್ಲ, ಅಗತ್ಯದ ಮಾತಾಡುತ್ತದೆ. ಸ್ನೇಹ ಆಮೇಲೆ, ಹಗ್ಗ ಎಳೆಯುತ್ತ ಬರುವಂಥದ್ದು. ಮನೆಮನೆಗೆ ನಲ್ಲಿ ಬಂತು, ಅಗತ್ಯ ಒಳಗೇ ತೀರಿತು. ‘ನೆರೆ’ ನಮ್ಮ ಮಾತಿನಿಂದ ಜಾರಿದ್ದೂ ಆ ಹಾದಿಯಲ್ಲೇ ಎಂದು ನಾನು ತಿಳಿದಿದ್ದೇನೆ.

ಹಿಮ ಆ ಬಾವಿಕಟ್ಟೆಯನ್ನು ಮನೆಬಾಗಿಲಿಗೆ ತರುತ್ತದೆ. 1978ರ ಫೆಬ್ರವರಿ 6 ಮತ್ತು 7ರಂದು ಬಾಸ್ಟನ್ನಿನಲ್ಲಿ ಬಿರುಗಾಳಿಯೊಂದಿಗೆ 27 ಇಂಚು ಹಿಮ ಬಿತ್ತು. 128ನೇ ಹೆದ್ದಾರಿಯಲ್ಲಿ ಸಾವಿರಾರು ವಾಹನಗಳು ಹೂತುಹೋದವು. ಗವರ್ನರ್ ಮೈಕೆಲ್ ಡುಕಾಕಿಸ್ ಕಾರು ಓಡಿಸುವುದನ್ನೇ ನಿಷೇಧಿಸಿದರು. ಸುಮಾರು ವಾರದ ಮಟ್ಟಿಗೆ ರಸ್ತೆಗಳು ನಡೆಯುವವರ ಪಾಲಾದವು. ಜನ ಸಲಿಕೆ ಹಿಡಿದು ಹೊರಬಂದರು, ಮಕ್ಕಳ ಜಾರುಬಂಡಿಯಲ್ಲಿ ದಿನಸಿ ಎಳೆದು ತಂದರು, ನಡುರಸ್ತೆಯಲ್ಲೇ ಸ್ಕೀ ಮಾಡಿದರು. ಆ ಬಿರುಗಾಳಿ ಅನೇಕರ ಜೀವವನ್ನೂ ತೆಗೆಯಿತು. ಅದನ್ನು ಬರೀ ಹಬ್ಬವೆಂದರೆ ತಪ್ಪು. ಆದರೂ ಅದನ್ನು ಕಂಡವರ ನೆನಪಿನಲ್ಲಿ ಸಂಕಟದ ಜೊತೆಗೇ ಬೀದಿಯ ಸಡಗರವೂ ಇದೆ.

ಹಿಮ ಜಗಳವನ್ನೂ ತರುತ್ತದಲ್ಲ ಎಂದು ಕೇಳಬಹುದು. ನಿಜ. ತಾನು ಗೋರಿ ತೆರವು ಮಾಡಿದ ಪಾರ್ಕಿಂಗ್ ಜಾಗಕ್ಕೆ ಕುರ್ಚಿ ಇಟ್ಟು ಕಾಯುವ ರೂಢಿ ಬಾಸ್ಟನ್ನಿನಲ್ಲಿದೆ. ಆ ಕುರ್ಚಿ ಸರಿಸಿದವರಿಗೂ ಇಟ್ಟವರಿಗೂ ಕಾದಾಟವಾಗುತ್ತದೆ. ಬಾವಿಕಟ್ಟೆಯಲ್ಲೂ ಸರದಿಗಾಗಿ ಕೊಡಗಳು ಕಾದಾಡಿದ್ದವು. ಮುಖ ಕಾಣದವರ ನಡುವೆ ಇಂಥ ಜಗಳ ಹುಟ್ಟದು, ರಾಜಿಯೂ ಹುಟ್ಟದು. ಕುರ್ಚಿ ಮುಟ್ಟದೆ ಮುಂದೆ ಹೋಗುವ ಹತ್ತು ಜನ ಪಕ್ಕದವನ ಬೆವರಿಗೆ ಬೆಲೆ ಕೊಟ್ಟಿರುತ್ತಾರೆ. ನೆರೆತನ ಅಂದರೆ ಅದೇ. ಆದ್ದರಿಂದ ಮುಂದಿನ ಚಳಿಗಾಲದಲ್ಲಿ ಹಿಮ ಗೋರಿ, ಕಾಫಿ ಹಂಚಿಕೊಂಡವರು ಊರಿಗೆ ಫೋನ್ ಮಾಡಿದಾಗ ‘ಬೀದಿಯವರೆಲ್ಲ ನೆರೆದಿದ್ದೆವು’ ಎನ್ನಲಿ. ಎಂಜಾಯ್ ಮಾಡಿದ್ದು ಆ ಮಾತಿನಲ್ಲೇ ತಿಳಿಯುತ್ತದೆ.